ಮಾರ್ಚ್ ಕೊನೆಯ ಲೆಕ್ಕ: ವಿಶೇಷ ಮಕ್ಕಳ ಅಪ್ಪ-ಅಮ್ಮಂದಿರಿಗೆ

ನಮ್ಮ ಮನೆಯಲ್ಲಿ ವರ್ಷ ಮುಗಿಯುವುದು ಡಿಸೆಂಬರ್ 31ಕ್ಕಲ್ಲ. ಪರೀಕ್ಷೆಗಳಾಗಿ, ಯುಗಾದಿಯ ಆಸುಪಾಸಿನಲ್ಲಿ, ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕಲು ಶಾಲೆಯಿಂದ ಕರೆ ಬಂದಾಗ. ಮಗನಿಗೆ ಆಟಿಸಂ ಇದೆ, ಮೈಸೂರಿನಲ್ಲೇ ಐದನೇ ಕ್ಲಾಸು. ಆ ಕಾರ್ಡಿನಲ್ಲಿ 'ಇನ್ನೂ ಸುಧಾರಿಸಬೇಕು' ಅನ್ನುವುದು ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಹಾಗಾಗಿ ವರ್ಷದ ಲೆಕ್ಕ ನಾವೇ ಬರೆದುಕೊಳ್ಳಬೇಕು. ನಾನು ಬರೆಯುವ ರೀತಿ ಹೇಳುತ್ತೇನೆ.

ಮೊದಲಿಗೆ, 'ಬರುತ್ತೆ', 'ಬರಲ್ಲ' ಅಂತ ಬರೆಯಲೇಬೇಡಿ. ಸ್ನಾನ ಮಾಡಲು ಬರುತ್ತಾ ಅಂದರೆ ಹೋದ ವರ್ಷವೂ ಬರಲ್ಲ, ಈ ವರ್ಷವೂ ಬರಲ್ಲ. ಮನಸ್ಸು ಕುಗ್ಗುವುದೊಂದೇ ಲಾಭ. ಅದೇ ಸ್ನಾನವನ್ನು ಬಿಡಿಸಿ ಬರೆಯಿರಿ. ಬಟ್ಟೆ ಬಿಚ್ಚುವುದು, ನೀರಿನ ಬಿಸಿ ಮುಟ್ಟಿ ನೋಡುವುದು, ಚೊಂಬಿನಲ್ಲಿ ಮೊಗೆದು ಹೊಯ್ದುಕೊಳ್ಳುವುದು, ಸೋಪು, ತಲೆಗೆ ನೀರು, ಒರೆಸಿಕೊಳ್ಳುವುದು, ಚಡ್ಡಿಯ ಹಿಂದುಮುಂದು ನೋಡಿ ಹಾಕಿಕೊಳ್ಳುವುದು. ಒಂದೊಂದರ ಮುಂದೂ ಈ ನಾಲ್ಕರಲ್ಲಿ ಒಂದು ಗುರುತು: ಕೈ ಹಿಡಿದು ಮಾಡಿಸಬೇಕು, ತೋರಿಸಿದರೆ ಮಾಡುತ್ತಾನೆ, ಬಾಯಲ್ಲಿ ಹೇಳಿದರೆ ಸಾಕು, ತಾನೇ ಮಾಡುತ್ತಾನೆ. ಥೆರಪಿಸ್ಟುಗಳು ಇದನ್ನೇ ಟಾಸ್ಕ್ ಅನಾಲಿಸಿಸ್ ಅನ್ನುತ್ತಾರೆ, ನಮಗೆ ಹಳೆಯ ನೋಟ್‌ಬುಕ್ಕೇ ಸಾಕು.

ನಮ್ಮ ಪುಸ್ತಕದಲ್ಲಿ ಹೋದ ಮಾರ್ಚಿನಲ್ಲಿ ಸೋಪಿನ ಮುಂದೆ 'ಕೈ ಹಿಡಿದು' ಅಂತಿದೆ. ಈಗ 'ಹೇಳಿದರೆ ಸಾಕು'. ತಲೆಗೆ ನೀರು ಮಾತ್ರ ಇದ್ದಲ್ಲೇ ಇದೆ, ಚೊಂಬು ಎತ್ತಿದರೆ ಕಿವಿ ಮುಚ್ಚಿಕೊಂಡು ಕಿರುಚುತ್ತಾನೆ. ಅಂದಮೇಲೆ ಮುಂದಿನ ವರ್ಷದ ಗುರಿ 'ಸ್ನಾನ' ಅಲ್ಲ, ತಲೆಗೆ ನೀರು. ಅದೂ ಕಲಿಸಿ ಕಲಿಸಿ ಆಗುವ ಕೆಲಸವಲ್ಲ, ನೀರು ಬೀಳುವುದನ್ನೇ ಅವನಿಗೆ ತಡೆದುಕೊಳ್ಳಲಾಗುತ್ತಿಲ್ಲ. ಇದು ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳಿಗೆ ಮಗುವನ್ನು ಸಜ್ಜುಗೊಳಿಸುವವರು) ಹತ್ತಿರ ಕೇಳಬೇಕಾದ ಪ್ರಶ್ನೆ.

ಮಾತಿನ ಲೆಕ್ಕದಲ್ಲಿ ಪದ ಎಣಿಸಬೇಡಿ. ಏನೇನು ತಿಳಿಸುತ್ತಾನೆ ಅಂತ ಬರೆಯಿರಿ: ಬೇಕು, ಬೇಡ, ಸಾಕು, ನೋಯುತ್ತಿದೆ. ಚಿತ್ರದ ಕಾರ್ಡು ಕೊಟ್ಟು ತಿಳಿಸಿದರೂ ಲೆಕ್ಕಕ್ಕೆ ಬರುತ್ತದೆ. ದೀಪಾವಳಿ ಹೊತ್ತಿಗೆ ಇವನು ನನ್ನ ಕೈ ಎಳೆದು ತನ್ನ ದವಡೆಗೆ ಒತ್ತಿಕೊಂಡ. ನೋಡಿದರೆ ದವಡೆ ಹಲ್ಲಿನಲ್ಲಿ ತೂತು. ಇಡೀ ವರ್ಷದಲ್ಲಿ ನನಗೆ ಅದಕ್ಕಿಂತ ದೊಡ್ಡ ಮಾರ್ಕ್ಸ್ ಬೇಕಿಲ್ಲ.

ಬರೆಯುವಾಗ ನೆನಪಿನ ಮೇಲೆ ಭಾರ ಹಾಕಬೇಡಿ. ಹೋದ ವಾರ ರಂಪವಾಗಿದ್ದರೆ ವರ್ಷವೆಲ್ಲ ರಂಪವೇ ಅನ್ನಿಸುತ್ತದೆ. ಫೋನಿನ ಹಳೆಯ ವಿಡಿಯೋ, ಶಾಲೆಯ ಡೈರಿ, ಥೆರಪಿ ಫೈಲು ಮುಂದಿಟ್ಟುಕೊಳ್ಳಿ. ಮಗುವನ್ನೂ ಕೇಳಿ. ನಾನು ವರ್ಷದ ಕೆಲವು ಫೋಟೋ ಪ್ರಿಂಟ್ ಹಾಕಿಸಿ, 'ಮತ್ತೆ ಬೇಕು', 'ಬೇಡ' ಅಂತ ಎರಡು ತಟ್ಟೆ ಇಡುತ್ತೇನೆ. ಚಾಮುಂಡಿ ಬೆಟ್ಟದ ಮೆಟ್ಟಿಲು 'ಬೇಕು' ತಟ್ಟೆಗೆ ಹೋಯಿತು, ಹೋಟೆಲಿನಲ್ಲಿ ಮಾಡಿದ ಹುಟ್ಟುಹಬ್ಬ 'ಬೇಡ'ಕ್ಕೆ. ಅವನ ಅಜ್ಜಿ ಇನ್ನೂ ಮುಖ ಊದಿಸಿಕೊಂಡಿದ್ದಾರೆ.

ಬಿಡುವುದನ್ನೂ ಒಂದು ಬರೆಯಿರಿ. ಥೆರಪಿ ಫೈಲಿನಲ್ಲಿ ವರ್ಷದಿಂದ ಒಂದೇ ಗುರಿ ಇದ್ದರೆ, ಗುರಿ ಬದಲಿಸೋಣವೋ ನಿಲ್ಲಿಸೋಣವೋ ಅಂತ ನೇರವಾಗಿ ಕೇಳಿ. ನಿಲ್ಲಿಸಿದರೆ ಉಳಿಯುವ ಆಟೋ ದುಡ್ಡಿಗಿಂತ, ಆ ಸಂಜೆ ದೊಡ್ಡ ಮಗಳಿಗೆ ಸಿಗುತ್ತದೆ ಅನ್ನುವುದು ನನಗೆ ಮುಖ್ಯ.

ಕಾಗದಪತ್ರದ್ದು ಬೇಗ ಮುಗಿಸಿ. ರಾಷ್ಟ್ರೀಯ ನ್ಯಾಸದ (ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆ (ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ) ಇದ್ದರೆ ಮಾರ್ಚ್ 31ರೊಳಗೆ ನವೀಕರಿಸಿ. ಯುಡಿಐಡಿ ಕಾರ್ಡಿನ (ಅಂಗವಿಕಲತೆಯ ಗುರುತಿನ ಚೀಟಿ) ಅವಧಿ ನೋಡಿ. ಮಗುವಿಗೆ 17 ತುಂಬಿದ್ದರೆ, 18ರ ನಂತರ ಕಾನೂನುಬದ್ಧ ಪೋಷಕತ್ವ ಬೇಕಾಗುತ್ತದೋ ಅಂತ ಈಗಲೇ ವಿಚಾರಿಸಿಡಿ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಅದನ್ನು ಕೊಡುವುದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ.

ಕೊನೆಗೆ ಇದೆಲ್ಲವನ್ನೂ ಹೊಸ ಕ್ಲಾಸ್ ಟೀಚರಿಗೆ ಒಂದೇ ಪುಟಕ್ಕೆ ಇಳಿಸಿ. ಆಟಿಸಂ ಅನ್ನುವ ಹೆಸರಿನಿಂದ ಶುರು ಮಾಡಬೇಡಿ. ನನ್ನದು ಹೀಗೆ ಶುರುವಾಗುತ್ತದೆ: "ಬೆಲ್ ಹೊಡೆಯುವ ಮುಂಚೆ ಅವನಿಗೆ ಹೇಳಿ. ಕಿವಿ ಮುಚ್ಚಿಕೊಂಡರೆ ಹೊರಗೆ ನಿಲ್ಲಲು ಬಿಡಿ, ತಾನೇ ವಾಪಸ್ ಬರುತ್ತಾನೆ. ಬಸ್ ನಂಬರ್ ಕೇಳಿದರೆ ನಗುತ್ತಾನೆ." ಶಾಲೆ ತೆರೆದ ದಿನ ಕೊಡಲು ಹೋಗಬೇಡಿ, ಟೀಚರಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಎರಡನೇ ವಾರ, ಮಧ್ಯಾಹ್ನದ ಊಟದ ನಂತರ ಹೋಗಿ.