ಹಳೆಯ ಡೋಜರ್‌ನ ಚೈನು, ಸ್ಪ್ರಾಕೆಟ್: ನನ್ನ ಅನುಭವ

ನಮ್ಮಲ್ಲಿರುವುದು ಬಿಇಎಂಎಲ್‌ನ ಹಳೆಯ ಡಿ-50 ಡೋಜರ್. 1964ರಲ್ಲಿ ಆರಂಭವಾದ ಆ ಸಂಸ್ಥೆಯ ಕೆಜಿಎಫ್ ಕಾರ್ಖಾನೆಯಲ್ಲಿ ಜಪಾನಿನ ಕೊಮಾಟ್ಸು ತಂತ್ರಜ್ಞಾನದಿಂದ ತಯಾರಾದ ಈ ಜಾತಿಯ ಯಂತ್ರಗಳು ಗದಗ ಸೀಮೆಯಲ್ಲಿ ಇಂದಿಗೂ ಹೊಲ ಸಮ ಮಾಡುವುದಕ್ಕೆ, ಒಡ್ಡು ಹಾಕುವುದಕ್ಕೆ, ಕೃಷಿ ಹೊಂಡ ತೋಡುವುದಕ್ಕೆ ಬಾಡಿಗೆಗೆ ಓಡುತ್ತಿವೆ. ನಮ್ಮದು ವರ್ಷದ ಅರ್ಧ ಭಾಗ ಎರೆ ಹೊಲಗಳಲ್ಲಿಯೂ ಉಳಿದ ಅರ್ಧ ಕಪ್ಪತಗುಡ್ಡದ ಸೆರಗಿನ ಮಸಾರಿಯಲ್ಲಿಯೂ ದುಡಿಯುತ್ತದೆ. ಎರಡೂ ಮಣ್ಣು ಚೈನಿಗೆ, ಅಂದರೆ ಯಂತ್ರ ನಡೆಯುವ ಉಕ್ಕಿನ ಪಟ್ಟಿಗೆ, ಶತ್ರುಗಳೇ, ಆದರೆ ಬೇರೆ ಬೇರೆ ರೀತಿಯಲ್ಲಿ. ಮಸಾರಿಯ ಹರಳು ಉಕ್ಕನ್ನು ಅರದಂತೆ ಉಜ್ಜುತ್ತದೆ. ಹಸಿ ಎರೆ ಮಣ್ಣು ಚೈನನ್ನು ತಿರುಗಿಸುವ ಹಲ್ಲಿನ ಚಕ್ರವಾದ ಸ್ಪ್ರಾಕೆಟ್ಟಿನ ಹಲ್ಲಿನ ಸಂದಿಯಲ್ಲಿ ಮೆತ್ತಿ ಗಟ್ಟಿಯಾಗಿ, ಬುಷ್ (ಚೈನಿನ ಲಿಂಕುಗಳನ್ನು ಕೂಡಿಸುವ ಪಿನ್ನಿನ ಮೇಲಿನ ಉಕ್ಕಿನ ಕೊಳವೆ) ತನ್ನ ಜಾಗದಲ್ಲಿ ಕೂರದಂತೆ ಮೇಲಕ್ಕೆತ್ತಿ, ಸರಿಯಾದಷ್ಟು ಸಡಿಲ ಬಿಟ್ಟಿದ್ದ ಚೈನನ್ನೂ ಬಿಗಿ ಮಾಡುತ್ತದೆ.

ಕಳೆದ ಬೇಸಿಗೆಯಲ್ಲಿ ನಮ್ಮ ಡ್ರೈವರ್ ಒಂದು ಸಂಜೆ ಬಂದು, "ಅಣ್ಣಾರ, ಎಡಗಡೆ ಚೈನು ಹಲ್ಲು ಏರಾಕತ್ತೈತ್ರಿ, ರಿವರ್ಸ್ ಹೊಡದಾಗ ಟಕ್ ಅಂತೈತಿ" ಎಂದ. ಮರುದಿನ ಬೆಳಿಗ್ಗೆ ಹೋಗಿ ನೋಡಿದಾಗ ಸ್ಪ್ರಾಕೆಟ್ಟಿನ ಹಲ್ಲುಗಳ ತುದಿ ಸಂಪೂರ್ಣ ಚೂಪಾಗಿತ್ತು, ಹಲ್ಲಿನ ಮುಖದಲ್ಲಿ ಬೆರಳು ಕೂರುವಷ್ಟು ಗುಳಿ ಬಿದ್ದಿತ್ತು. ತಪ್ಪು ನನ್ನದೇ. ಕೆಲವು ವರ್ಷಗಳ ಹಿಂದೆ ಹಲ್ಲು ಸವೆದಿದೆ ಎಂದು ಸ್ಪ್ರಾಕೆಟ್ ಮಾತ್ರ ಹೊಸದು ಹಾಕಿ, ಚೈನನ್ನು ಅಳೆಯದೆ ಹಾಗೆಯೇ ಬಿಟ್ಟಿದ್ದೆ. ಪಿನ್ನು ಮತ್ತು ಬುಷ್ಷಿನ ಒಳಗೋಡೆ ಸವೆದಂತೆ ಚೈನಿನ ಪಿಚ್, ಅಂದರೆ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಇರುವ ಅಂತರ, ಹಿಗ್ಗುತ್ತದೆ. ಹಿಗ್ಗಿದ ಚೈನಿನ ಬುಷ್ ಹಲ್ಲಿನ ಬುಡದಲ್ಲಿ ಕೂರದೆ ತುದಿಯತ್ತ ಏರುತ್ತದೆ. ಹೊಸ ಸ್ಪ್ರಾಕೆಟ್ ಹಳೆಯ ಚೈನಿನ ಅಳತೆಗೆ ತಕ್ಕಂತೆ ತಾನೇ ಸವೆದು ಹೋಗುತ್ತದೆ.

ಈ ಸಲ ಮೊದಲು ಅಳತೆಗೆ ಕುಳಿತೆ. ಸಡಿಲವಾಗಿ ಜೋತ ಚೈನನ್ನು ಅಳೆದರೆ ಏನೂ ತಿಳಿಯುವುದಿಲ್ಲ. ಆದ್ದರಿಂದ ಸ್ಪ್ರಾಕೆಟ್ಟಿನ ಹಲ್ಲಿಗೂ ಬುಷ್ಷಿಗೂ ನಡುವೆ ಒಂದು ಹಳೆಯ ಪಿನ್ ಸಿಕ್ಕಿಸಿ, ಯಂತ್ರವನ್ನು ನಿಧಾನವಾಗಿ ರಿವರ್ಸ್ ಎಳೆಸಿ, ಮೇಲಿನ ಸಾಲು ತಂತಿಯಂತೆ ಬಿಗಿದ ಮೇಲೆ, ಚೈನು ಬಿಚ್ಚಲೆಂದು ಇರುವ ಮಾಸ್ಟರ್ ಪಿನ್ನಿನ ಲಿಂಕನ್ನು ಬಿಟ್ಟು ನಾಲ್ಕು ಲಿಂಕುಗಳ ಉದ್ದವನ್ನು ಪಿನ್ನಿನ ನಡುವಿನಿಂದ ಪಿನ್ನಿನ ನಡುವಿಗೆ ಟೇಪಿನಲ್ಲಿ ಹಿಡಿದೆ. ಎಡಗಡೆ ಹೊಸ ಅಳತೆಗಿಂತ 11 ಮಿ.ಮೀ., ಬಲಗಡೆ 8 ಮಿ.ಮೀ. ಹೆಚ್ಚಿತ್ತು. ಆಮೇಲೆ ದೊಡ್ಡ ಕ್ಯಾಲಿಪರ್ ಹಿಡಿದು ಬುಷ್ಷಿನ ಹೊರಮೈಯನ್ನು ಹಲ್ಲು ತಾಗುವ ದಿಕ್ಕಿನಲ್ಲಿ ಒಮ್ಮೆ, ಅಡ್ಡಲಾಗಿ ಒಮ್ಮೆ ಅಳೆದು ವ್ಯತ್ಯಾಸ ಬರೆದುಕೊಂಡೆ. ಬುಷ್ಷಿನ ಗಟ್ಟಿ ಪದರ ಕೆಲವೇ ಮಿಲಿಮೀಟರ್ ದಪ್ಪ. ಅದು ಮುಗಿದು ಒಳಗಿನ ಮೆದು ಉಕ್ಕು ಹೊರಬಂದರೆ ತಿರುಗಿಸಿ ಹಾಕುವ ಮಾತೇ ಇಲ್ಲ. ನಮ್ಮ ಬುಷ್‌ಗಳಲ್ಲಿ ಪದರ ಇನ್ನೂ ಉಳಿದಿತ್ತು, ಎಲ್ಲಿಯೂ ಬಿರುಕು ಕಾಣಲಿಲ್ಲ. ಹೀಗಾಗಿ ಹೊಸ ಚೈನಿನ ಖರ್ಚು ಬಿಟ್ಟು ಪಿನ್ನು-ಬುಷ್ ತಿರುಗಿಸುವುದೆಂದು ನಿರ್ಧರಿಸಿದೆ.

ಇದರ ತತ್ವ ಸರಳ. ಹಲ್ಲು ಬುಷ್ಷನ್ನು ಹೆಚ್ಚಾಗಿ ಒಂದೇ ಮಗ್ಗುಲಿನಿಂದ ತಳ್ಳುವುದರಿಂದ ಪಿನ್ನೂ ಬುಷ್ಷೂ ಹೆಚ್ಚಾಗಿ ಒಂದೇ ಬದಿಯಲ್ಲಿ ಸವೆಯುತ್ತವೆ. ಎರಡನ್ನೂ ಪ್ರೆಸ್ಸಿನಲ್ಲಿ ಹೊರತೆಗೆದು 180 ಡಿಗ್ರಿ ತಿರುಗಿಸಿ ಕೂರಿಸಿದರೆ ಸವೆಯದ ಮೈ ಕೆಲಸಕ್ಕೆ ಬಂದು, ಪಿಚ್ ಬಹುಮಟ್ಟಿಗೆ ಮೊದಲಿನ ಅಳತೆಗೆ ಮರಳುತ್ತದೆ. ಇದಕ್ಕೆ ನೂರಾರು ಟನ್ ಒತ್ತುವ ಟ್ರ್ಯಾಕ್ ಪ್ರೆಸ್ ಬೇಕು. ಸುತ್ತಿಗೆಯಿಂದ ಬಡಿದು ಮಾಡುತ್ತೇವೆ ಎನ್ನುವವರ ಕೈಗೆ ಚೈನು ಕೊಡಬಾರದು. ಲಿಂಕಿನ ತೂತು ಒಮ್ಮೆ ಅಗಲವಾದರೆ ಪಿನ್ ಮತ್ತೆಂದೂ ಹಿಡಿದು ನಿಲ್ಲುವುದಿಲ್ಲ. ಚೈನು ಬಿಚ್ಚುವುದು ಮಾತ್ರ ನಮ್ಮ ಅಂಗಳದಲ್ಲಿಯೇ ನಡೆಯಿತು. ಚೈನಿನ ಬಿಗಿ ಹೊಂದಿಸುವ ಅಡ್ಜಸ್ಟರಿನ ಗ್ರೀಸ್ ವಾಲ್ವನ್ನು ಒಂದೇ ಸುತ್ತು ಸಡಿಲಿಸಿ, ಮುಖವನ್ನು ದೂರ ಇಟ್ಟುಕೊಂಡು ಗ್ರೀಸ್ ಹೊರಬರಲು ಬಿಟ್ಟೆವು. ಒಳಗಿನ ಒತ್ತಡಕ್ಕೆ ವಾಲ್ವೇ ಗುಂಡಿನಂತೆ ಸಿಡಿಯಬಲ್ಲದು. ಅದರ ಹಿಂದೆ ಭಾರೀ ಒತ್ತಡದಲ್ಲಿ ಅದುಮಿಟ್ಟಿರುವ ರಿಕಾಯಿಲ್ ಸ್ಪ್ರಿಂಗಿನ ತಂಟೆಗೆ ನಾನು ಹೋಗಲೇ ಇಲ್ಲ.

ಸ್ಪ್ರಾಕೆಟ್ಟುಗಳ ಸವೆತ ಇಷ್ಟು ದೂರ ಹೋಗುವ ಮೊದಲೇ ನೋಡಿದ್ದರೆ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ಹಲ್ಲಿನ ಇನ್ನೊಂದು ಮುಖವನ್ನು ಬಳಸಬಹುದಿತ್ತು. ತುದಿ ಚೂಪಾದ ಮೇಲೆ ಆ ದಾರಿ ಮುಚ್ಚಿತು. ಸ್ಪ್ರಾಕೆಟ್ಟನ್ನು ತಿರುಗಿಸುವ ಗೇರುಪೆಟ್ಟಿಗೆಯಾದ ಫೈನಲ್ ಡ್ರೈವ್ ಕಡೆಯಿಂದ ಆಯಿಲ್ ಜಿನುಗುತ್ತಿದ್ದುದರಿಂದ ಸ್ಪ್ರಾಕೆಟ್ ಹೇಗೂ ಬಿಚ್ಚಲೇಬೇಕಿತ್ತು. ಹೈಡ್ರಾಲಿಕ್ ಪುಲ್ಲರ್ ಹಚ್ಚುವಾಗ ನಟ್ಟನ್ನು ಪೂರ್ತಿ ತೆಗೆಯದೆ ನಾಲ್ಕೈದು ಎಳೆ ಉಳಿಸಿಕೊಂಡೆವು. ಬಿಗಿದು ಕೂತ ಸ್ಪ್ರಾಕೆಟ್ ಬಿಡುವಾಗ ಫಿರಂಗಿ ಹೊಡೆದಂತೆ ಸದ್ದು ಮಾಡಿ ಹೊರಕ್ಕೆ ಜಿಗಿಯಿತು. ಆ ನಟ್ಟೇ ಅದನ್ನು ತಡೆದು ನಿಲ್ಲಿಸಿತು.

ಹಳೆಯ ಹಲ್ಲಿನ ಉಂಗುರವನ್ನು ಗ್ಯಾಸ್ ಕಟ್ಟರಿನಿಂದ ಕತ್ತರಿಸಿ, ಉಳಿದ ನಡುಭಾಗವಾದ ಹಬ್ಬನ್ನು ಲೇತಿನಲ್ಲಿ ಸುತ್ತ ಸಮ ಮಾಡಿಸಿ, ಅದರ ಮೇಲೆ ಹೊಸ ಹಲ್ಲಿನ ಉಂಗುರ (ರಿಮ್) ಕೂರಿಸಿ ಬೆಸೆಯುವುದು ನಾನು ಆರಿಸಿಕೊಂಡ ದಾರಿ. ರಿಮ್ ತರುವಾಗ ಹಲ್ಲು ಎಣಿಸಿ ತರಬೇಕು. ಇಂಥ ಯಂತ್ರಗಳಲ್ಲಿ ಸಾಮಾನ್ಯವಾಗಿ ಹಲ್ಲುಗಳ ಸಂಖ್ಯೆ ಬೆಸವಾಗಿರುತ್ತದೆ. ಬುಷ್ ಒಂದು ಬಿಟ್ಟು ಒಂದು ಸಂದಿಯಲ್ಲಿ ಕೂರುವುದರಿಂದ, ಈ ಸುತ್ತಿನಲ್ಲಿ ದುಡಿದ ಹಲ್ಲಿಗೆ ಮುಂದಿನ ಸುತ್ತಿನಲ್ಲಿ ವಿಶ್ರಾಂತಿ ಸಿಕ್ಕಿ, ಎಲ್ಲ ಹಲ್ಲುಗಳೂ ಸಮನಾಗಿ ಸವೆಯುತ್ತವೆ. ಈ ಲೆಕ್ಕ ಹಾಕಿದವನ ಬುದ್ಧಿಯನ್ನು ಮೆಚ್ಚಲೇಬೇಕು.

ಬೆಸುಗೆಯ ದಿನ ನಾನು ಪಕ್ಕದಿಂದ ಕದಲಲಿಲ್ಲ. ಹಬ್ಬು ಮತ್ತು ರಿಮ್ ಎರಡನ್ನೂ ಗ್ಯಾಸ್ ಉರಿಯಲ್ಲಿ ಸುಮಾರು 200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಓವನ್‌ನಲ್ಲಿ ಒಣಗಿಸಿದ 7018 ಬೆಸುಗೆ ರಾಡುಗಳನ್ನು ಬಿಸಿಬಿಸಿಯಾಗಿ ತೆಗೆದು ಬಳಸಿದೆವು. ಒಂದೇ ಕಡೆಯಿಂದ ಸುತ್ತುತ್ತ ಬೆಸೆದರೆ ಉಂಗುರ ಎಳೆದುಕೊಂಡು ವಾರೆಯಾಗುತ್ತದೆ. ಅದಕ್ಕಾಗಿ ಮೊದಲು ಎಂಟು ಕಡೆ ಚಿಕ್ಕ ಟ್ಯಾಕ್ ಬೆಸುಗೆ ಹಾಕಿ, ವಾರೆ ಅಳೆಯುವ ಡಯಲ್ ಗೇಜ್ ಇಟ್ಟು ತಿರುಗಿಸಿ ನೋಡಿ, ಬಳಿಕ ಇಲ್ಲೊಂದು ಗೇಣು, ಅದರ ಎದುರು ಬದಿಯಲ್ಲೊಂದು ಗೇಣು ಎನ್ನುವಂತೆ ಬೆಸೆಯುತ್ತ, ಪ್ರತಿ ಪದರದ ಮೇಲಿನ ಸ್ಲ್ಯಾಗನ್ನು ಬಡಿದು ತೆಗೆಯುತ್ತ ಹೋದೆವು. ಕೊನೆಗೆ ತಿರುಗುವಾಗಿನ ಓಲಾಟ 1.5 ಮಿ.ಮೀ. ಒಳಗೇ ಉಳಿಯಿತು. ಬಿಸಿ ಇರುವಾಗಲೇ ಒಣ ಸುಣ್ಣದ ಪುಡಿಯಲ್ಲಿ ಹೂತು ರಾತ್ರಿಯಿಡೀ ಬಿಟ್ಟೆವು. ನೀರು ತಾಗಿಸುವ ಆತುರ ಇಲ್ಲಿ ಸಲ್ಲದು.

ಜಿನುಗಿಗೆ ಕಾರಣವಾಗಿದ್ದ ಫ್ಲೋಟಿಂಗ್ ಸೀಲನ್ನು ಬದಲಿಸುವುದು ಕೈಚಳಕಕ್ಕಿಂತ ಹೆಚ್ಚಾಗಿ ಶುಚಿಯ ಕೆಲಸ. ಕನ್ನಡಿಯಂತೆ ಹೊಳೆಯುವ ಎರಡು ಲೋಹದ ಉಂಗುರಗಳು ಮುಖಕ್ಕೆ ಮುಖ ಕೊಟ್ಟು ತಿರುಗುತ್ತ ಆಯಿಲ್ ತಡೆಯುತ್ತವೆ, ಅವುಗಳ ಹಿಂದಿನ ರಬ್ಬರ್ ಉಂಗುರಗಳು ಒತ್ತಿ ಹಿಡಿಯುತ್ತವೆ. ಆ ಮುಖಕ್ಕೆ ಬೆರಳು ತಾಗಿಸದೆ, ಎಳೆ ಬಿಡದ ಬಟ್ಟೆಯಲ್ಲಿ ಒರೆಸಿ, ಎರಡು ಹನಿ ಆಯಿಲ್ ಸವರಿ, ರಬ್ಬರ್ ಎಲ್ಲಿಯೂ ತಿರುಚಿಕೊಂಡಿಲ್ಲವೆಂದು ಸುತ್ತಲೂ ನೋಡಿ ಕೂರಿಸಿದೆ. ಇಳಿಸಿದ ಹಳೆಯ ಆಯಿಲಿನಲ್ಲಿ ಅಯಸ್ಕಾಂತ ಆಡಿಸಿದಾಗ ನುಣ್ಣನೆಯ ಕಪ್ಪು ಪುಡಿ ಮಾತ್ರ ಅಂಟಿತು. ಚೂರುಗಳು ಬಂದಿದ್ದರೆ ಗೇರು, ಬೇರಿಂಗುಗಳನ್ನು ಬಿಚ್ಚಬೇಕಾಗುತ್ತಿತ್ತು.

ಚೈನು ಮರಳಿ ಏರಿಸಿದ ಮೇಲೆ ಮುಂದಿನ ಚಕ್ರವಾದ ಐಡ್ಲರ್ ಮತ್ತು ಚೈನಿನ ಮೇಲಿನ ಸಾಲನ್ನು ಹೊರುವ ಕ್ಯಾರಿಯರ್ ರೋಲರ್ ನಡುವೆ ನೇರವಾದ ಪಟ್ಟಿ ಇಟ್ಟು, ಜೋಲನ್ನು 25 ಮಿ.ಮೀ.ಗೆ ನಿಲ್ಲಿಸಿದೆವು. ಒಂದು ದಿನ ದುಡಿದ ನಂತರ ನೆಲ ಕಚ್ಚುವ ಶೂ ಪಟ್ಟಿಗಳ ಬೋಲ್ಟುಗಳನ್ನೆಲ್ಲ ಮತ್ತೊಮ್ಮೆ ಬಿಗಿದಾಗ ಏಳು ಬೋಲ್ಟುಗಳು ತುಸು ತಿರುಗಿದವು. ಡ್ರೈವರ್‌ಗೆ ಹೇಳಿದ್ದು ಒಂದೇ ಮಾತು: ಖಾಲಿ ಹಿಂದೆ ಬರುವಾಗ ಜೋರು ಗೇರ್ ಹಾಕಬೇಡ. ರಿವರ್ಸ್‌ನಲ್ಲಿ ಮೇಲಿನ ಸಾಲೆಲ್ಲ ಬಿಗಿದು, ಬುಷ್ ಭಾರ ಹೊತ್ತುಕೊಂಡೇ ಹಲ್ಲಿನ ಮೇಲೆ ಉರುಳುವುದರಿಂದ ಸವೆತ ಹೆಚ್ಚು. ಆ ಮಾತನ್ನು ಅವನು ನಾನು ಹೊಲದಲ್ಲಿ ನಿಂತಿರುವಷ್ಟು ಹೊತ್ತು ಪಾಲಿಸುತ್ತಾನೆ.

ಬಲಗಡೆಯ ಒಂದು ಕ್ಯಾರಿಯರ್ ರೋಲರ್ ತಿರುಗದೆ ನಿಂತು ಒಂದು ಬದಿ ಚಪ್ಪಟೆಯಾಗಿದೆ. ಮಳೆಗಾಲದಲ್ಲಿ ಯಂತ್ರ ನಿಂತಾಗ ಅದನ್ನು ಬಿಚ್ಚಬೇಕಾಗಿದೆ.