ಪಿಯುಸಿ ಮುಗೀತು, ನಟನೆಗೆ ಹೋಗ್ಬೇಕು ಅನ್ನೋರಿಗೆ

ಮೊದಲೇ ಪೋರ್ಟ್‌ಫೋಲಿಯೋಗೆ, ಅಂದರೆ ಅವಕಾಶ ಕೇಳೋಕೆ ತೋರಿಸುವ ಫೋಟೋ ಆಲ್ಬಂಗೆ, ದುಡ್ಡು ಸುರಿಯಬೇಡಿ. ನಾನು ಸುರಿದಿದ್ದೆ. ‘ಸೀರಿಯಲ್‌ನಲ್ಲಿ ತಮ್ಮನ ಪಾತ್ರ ಗ್ಯಾರಂಟಿ’ ಅಂದವನು ಆಮೇಲೆ ಫೋನನ್ನೇ ಎತ್ತಲಿಲ್ಲ. ಆಡಿಷನ್‌ಗೆ ದುಡ್ಡು ಕೇಳಿದರೆ ಎದ್ದು ಬನ್ನಿ, ಅಷ್ಟೇ.

ಅದರ ಬದಲು ನಿಮ್ಮೂರಿನ ಹವ್ಯಾಸಿ ನಾಟಕ ತಂಡ ಸೇರಿ. ಆರು ತಿಂಗಳು ನನಗೆ ಸಿಕ್ಕಿದ್ದು ಪರದೆ ಎಳೆಯುವ, ಟೀ ತರುವ ಕೆಲಸ. ಬೇಜಾರಾಗಿತ್ತು. ಆದರೆ ಸೈಡ್‌ವಿಂಗ್‌ನಲ್ಲಿ (ರಂಗದ ಪಕ್ಕದ ಮರೆಯಲ್ಲಿ) ನಿಂತು ಕೇಳಿ ಕೇಳಿ ಎಲ್ಲರ ಮಾತೂ ಬಾಯಿಗೆ ಬಂದಿತ್ತು. ಒಂದು ಸಂಜೆ ಸೇವಕನ ಪಾತ್ರದವರಿಗೆ ಜ್ವರ, ಅವರ ಬದಲು ನಾನೇ ರಂಗಕ್ಕೆ ಹೋದೆ. ನಾಲ್ಕೇ ಮಾತು, ಕೈಯಲ್ಲಿದ್ದ ತಟ್ಟೆ ಗಡಗಡ. ನನ್ನ ದನಿ ಮೂರನೇ ಸಾಲು ದಾಟಲ್ಲ ಅಂತ ಅವತ್ತೇ ಗೊತ್ತಾಯಿತು!

ಸರಿಯಾಗಿ ಕಲಿಯಬೇಕು ಅಂದರೆ ಸಾಗರದ ಹತ್ತಿರ ಹೆಗ್ಗೋಡಿನ ನೀನಾಸಮ್ ಇದೆ. ಅಲ್ಲಿನ ರಂಗಶಿಕ್ಷಣ ಕೇಂದ್ರ ಶುರುವಾಗಿದ್ದು 1980ರಲ್ಲಿ. ಒಂದು ವರ್ಷದ ಡಿಪ್ಲೊಮಾ. ನಟನೆ ಜೊತೆ ಬೆಳಕು, ರಂಗಸಜ್ಜಿಕೆ, ಮೇಕಪ್ಪೂ ಕಲಿಯಬಹುದು. ಸಿನಿಮಾ ನಟ ಅಚ್ಯುತ್ ಕುಮಾರ್ ಅಲ್ಲಿ ಕಲಿತವರೇ. ದಿಲ್ಲಿಯ ಎನ್‌ಎಸ್‌ಡಿಯ (ರಾಷ್ಟ್ರೀಯ ನಾಟಕ ಶಾಲೆ) ಮೂರು ವರ್ಷದ ಕೋರ್ಸಿಗೆ ಡಿಗ್ರಿ ಬೇಕು, ಹಾಗಾಗಿ ಓದು ಪೂರ್ತಿ ಬಿಡಬೇಡಿ.

ಮತ್ತೆ ದಿನಾ ಹತ್ತು ನಿಮಿಷ ಪೇಪರ್ ಜೋರಾಗಿ ಓದಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿ. ‘ಹಾಲು’ ‘ಆಲು’ ಆಗ್ತಿದೆಯಾ ನೋಡಿ. ನಂದು ಆಗ್ತಿತ್ತು.