ಚಿಪ್ ಟೂಲ್ ಬರೆಯೋಕೆ ಲಿಸ್ಪ್ ಬಲ್ಲವರು ಮೈಸೂರಲ್ಲಿ ಸಿಕ್ಕಿದ್ದು ಹೀಗೆ

ನಮ್ಮದು ಮೈಸೂರಿನ ಹೆಬ್ಬಾಳದ ಕಡೆ ಒಂದು ಸಣ್ಣ ಆಫೀಸು. ಚಿಪ್ ಲೇಔಟ್, ಅಂದರೆ ಚಿಪ್ಪಿನೊಳಗಿನ ಭಾಗಗಳ ನಕ್ಷೆ, ಮಾಡುವವರಿಗೆ ಬೇಕಾದ ಚಿಕ್ಕಪುಟ್ಟ ಟೂಲ್‌ಗಳನ್ನು ಬರೆದುಕೊಡುತ್ತೇವೆ. ಜಾಸ್ತಿ ಕೆಲಸ ಲಿಸ್ಪ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲೇ. ಈ ಕಾಲದಲ್ಲಿ ಲಿಸ್ಪಾ ಅಂತ ಎಲ್ಲರೂ ಕೇಳುತ್ತಾರೆ. 1958ರಲ್ಲಿ ಜಾನ್ ಮೆಕಾರ್ಥಿ ಶುರು ಮಾಡಿದ್ದು, ಹಳೆಯದು ನಿಜ. ಆದರೆ ಚಿಪ್ ವಿನ್ಯಾಸಕ್ಕೆ ಬಳಸುವ ಕೇಡೆನ್ಸ್ ವರ್ಚುಯೊಸೊ ಸಾಫ್ಟ್‌ವೇರ್ ಒಳಗಿರುವ ಸ್ಕಿಲ್ ಭಾಷೆಯೂ ಲಿಸ್ಪ್ ಮನೆತನದ್ದೇ. ಟ್ರಾನ್ಸಿಸ್ಟರ್‌ನ ಉದ್ದ, ಅಗಲ ಕೊಟ್ಟರೆ ತಾನೇ ಲೇಔಟ್ ಬರೆದುಕೊಳ್ಳುವ ಪಿಸೆಲ್ (PCell) ಅನ್ನೋ ಮಾದರಿಗಳನ್ನು ಅದರಲ್ಲೇ ಬರೆಯುತ್ತಾರೆ. ಸಿ ಭಾಷೆಯ ತರಹವೂ ಅದರಲ್ಲಿ ಬರೆಯಬಹುದು, ಹಾಗಾಗಿ ವರ್ಷಗಟ್ಟಲೆ ಕೆಲಸ ಮಾಡಿಯೂ ಅದು ಲಿಸ್ಪ್ ಅಂತ ಗೊತ್ತಿಲ್ಲದವರಿದ್ದಾರೆ.

ಜಾಹೀರಾತಿಗೆ ಬಂದ ಅರ್ಜಿಗಳೆಲ್ಲ ಜಾವಾ, ಪೈಥಾನ್. ಸ್ಕಿಲ್ ಭಾಷೆಯಲ್ಲಿ ಪಳಗಿದವರು ಬೆಂಗಳೂರಲ್ಲಿ ಇದ್ದಾರೆ, ಆದರೆ ಅವರ ಸಂಬಳ ನಮಗೆ ಎಟುಕಲ್ಲ, ಎಟುಕಿದರೂ ಅವರು ಮೈಸೂರಿಗೆ ಬರೋದು ದಸರಾ ನೋಡೋಕೆ.

ಆಗ ನೆನಪಾದದ್ದು ಆಟೋಲಿಸ್ಪ್. ಅದೂ ಲಿಸ್ಪ್‌ನ ಒಂದು ರೂಪ, ಡ್ರಾಯಿಂಗ್ ಸಾಫ್ಟ್‌ವೇರ್ ಆಟೋಕ್ಯಾಡ್ ಜೊತೆಗೇ 1986ರಿಂದ ಬರುತ್ತಿದೆ. ಹೂಟಗಳ್ಳಿಯಿಂದ ಮಂಡ್ಯದವರೆಗೆ ಫ್ಯಾಬ್ರಿಕೇಶನ್ ಶೆಡ್‌ಗಳಲ್ಲಿ ಡ್ರಾಯಿಂಗ್ ಮಾಡುವ ಹುಡುಗ ಹುಡುಗಿಯರು, ಒಂದೇ ಕೆಲಸ ನೂರು ಸಲ ಮಾಡಿ ಬೇಜಾರಾಗಿ, ಸ್ವಂತ ಕಮಾಂಡ್ ಬರೆದುಕೊಂಡಿರುತ್ತಾರೆ. ರೆಸ್ಯೂಮೆಯಲ್ಲಿ ಮಾತ್ರ ಬರೀ ಆಟೋಕ್ಯಾಡ್ ಅಂತ ಹಾಕಿರುತ್ತಾರೆ. ನಾವು ಅಂಥವರನ್ನೇ ಹುಡುಕಿದೆವು.

ಪರೀಕ್ಷೆಗೆ ಒಂದು ಎಡಿಫ್ ನೆಟ್‌ಲಿಸ್ಟ್ ಕೊಡುತ್ತಿದ್ದೆ. ಅಂದರೆ ಸರ್ಕ್ಯೂಟ್‌ನಲ್ಲಿ ಯಾವ ಪಿನ್ ಯಾವುದಕ್ಕೆ ಸೇರಿದೆ ಅನ್ನೋ ಪಟ್ಟಿ, ಎಡಿಫ್ ಅನ್ನೋದು ಅದನ್ನು ಬರೆಯುವ ಒಂದು ಕ್ರಮ, ಒಂದೊಂದು ಜೋಡಣೆ ಒಂದು ನೆಟ್. ಒಂದೇ ಪಿನ್‌ಗೆ ಸೇರಿದ, ಅಂದರೆ ಇನ್ನೊಂದು ತುದಿ ಎಲ್ಲೂ ಸೇರದ ನೆಟ್‌ಗಳನ್ನು ಹುಡುಕಬೇಕು. ಎಡಿಫ್ ಫೈಲ್ ಪೂರ್ತಿ ಬ್ರ್ಯಾಕೆಟ್ಟಿನೊಳಗೆ ಬ್ರ್ಯಾಕೆಟ್ಟು, ಪ್ರತಿ ನೆಟ್ ಒಳಗೆ ಒಂದು ಜಾಯಿನ್ಡ್, ಅದರೊಳಗೆ ಪಿನ್‌ಗಳನ್ನು ಹೆಸರಿಸುವ ಪೋರ್ಟ್‌ರೆಫ್‌ಗಳು. ಕಂಪ್ಯೂಟರ್ ಸೈನ್ಸ್ ಓದಿದವರು ಬಹಳ ಜನ ಫೈಲನ್ನು ಬಿಡಿಸಿ ಓದೋಕೆ ಸೀದಾ ಪಾರ್ಸರ್ ಬರೆಯೋಕೆ ಕೂತರು. ಮಂಡ್ಯದಲ್ಲಿ ಡಿಪ್ಲೊಮಾ ಮಾಡಿ ಶೆಡ್ ಒಂದರಲ್ಲಿ ಡ್ರಾಯಿಂಗ್ ಮಾಡುತ್ತಿದ್ದ ಒಬ್ಬ ಹುಡುಗಿ ಫೈಲ್ ನೋಡಿ, "ಸರ್, ಇದು ಲಿಸ್ಟೇ ಅಲ್ವಾ? ರೀಡ್ ಫಂಕ್ಷನ್ನೇ ಓದುತ್ತಲ್ಲ" ಅಂದರು. ಲಿಸ್ಪ್ ಲಿಸ್ಟುಗಳೂ ಹೀಗೇ ಬ್ರ್ಯಾಕೆಟ್ಟಿನೊಳಗೆ ಬ್ರ್ಯಾಕೆಟ್ಟು, ಅದನ್ನು ಓದುವ ರೀಡ್ ಭಾಷೆಯಲ್ಲೇ ಇದೆ, ಬೇರೆ ಪಾರ್ಸರ್ ಬೇಕಿಲ್ಲ. ಅಷ್ಟಕ್ಕೇ ನನಗೆ ಖುಷಿಯಾಗಿತ್ತು. ಉತ್ತರ ಬಂದ ಮೇಲೆ ಅವರೇ ಕೇಳಿದ್ದು ಇನ್ನೂ ಚೆನ್ನಾಗಿತ್ತು: "ಇವೆಲ್ಲ ತಪ್ಪೇನಾ ಸರ್? ಕೆಲವನ್ನ ಬೇಕಂತಲೇ ಬಿಟ್ಟಿರಬಹುದಲ್ವಾ?" ಹೌದು, ಬಿಟ್ಟಿರುತ್ತಾರೆ. ಬಳಸದ ಔಟ್‌ಪುಟ್ ಪಿನ್ ಹಾಗೇ ಇರುತ್ತದೆ. ಚಿಪ್ಪೇ ನೋಡದವರು ಇದನ್ನು ಕೇಳಿದರು ಅಂತ ಕೆಲಸ ಕೊಟ್ಟೆ.

ಡಿಆರ್‌ಸಿ (ಲೇಔಟ್ ನಿಯಮ ಪಾಲಿಸಿದೆಯಾ ಅಂತ ನೋಡೋದು), ಎಲ್‌ವಿಎಸ್ (ಲೇಔಟ್, ಸರ್ಕ್ಯೂಟ್ ಹೊಂದುತ್ತವಾ ಅಂತ ನೋಡೋದು) ಎಲ್ಲ ಲೇಔಟ್ ಎಂಜಿನಿಯರ್ ಪಕ್ಕ ಕೂರಿಸಿದರೆ ಬರುತ್ತೆ, ಬಂತು. ಕಷ್ಟವಾದದ್ದು ಬೇರೆ. ಹೆಸರು ಕೊಟ್ಟರೆ ಸೀದಾ ಬೇಕಾದದ್ದನ್ನು ತೆಗೆದುಕೊಡುವ ಹ್ಯಾಶ್ ಟೇಬಲ್ ಆಟೋಲಿಸ್ಪ್‌ನಲ್ಲಿ ಇಲ್ಲ, ಹಾಗಾಗಿ ಅಲ್ಲಿಂದ ಬಂದವರು ಏನೇ ಹುಡುಕಬೇಕಿದ್ದರೂ ಅಸೋಕ್ ಫಂಕ್ಷನ್ ಬಳಸುತ್ತಾರೆ, ಅದು ಪ್ರತಿ ಸಲ ಲಿಸ್ಟಿನ ತಲೆಯಿಂದ ಹುಡುಕುತ್ತಾ ಬರುತ್ತದೆ. ಶೆಡ್ಡಿನ ಡ್ರಾಯಿಂಗ್‌ಗೆ ಅಷ್ಟು ಸಾಕು. ಲಕ್ಷಗಟ್ಟಲೆ ನೆಟ್ ಇದ್ದಾಗ ಪ್ರೋಗ್ರಾಮ್ ಸುಮ್ನೆ ಓಡುತ್ತಲೇ ಇರುತ್ತದೆ. ಸ್ಕಿಲ್‌ನಲ್ಲಿ ಹ್ಯಾಶ್ ಟೇಬಲ್ ಮಾಡುವ ಮೇಕ್‌ಟೇಬಲ್ ಅಭ್ಯಾಸ ಮಾಡಿಸೋಕೆ ಸ್ವಲ್ಪ ಅವರ ಬೆನ್ನು ಬೀಳಬೇಕಾಯಿತು. ಉದ್ದದ ಲಿಸ್ಟ್ ಮೇಲೆ ರಿಕರ್ಷನ್ (ಫಂಕ್ಷನ್ ತನ್ನನ್ನೇ ಮತ್ತೆ ಮತ್ತೆ ಕರೆಯೋದು) ಬೇಡ, ಲೂಪ್ ಸಾಕು ಅನ್ನೋದನ್ನೂ. ವೇರಿಯಬಲ್‌ಗಳ ವಿಷಯದಲ್ಲಿ ಮಾತ್ರ ಹೇಳಿಕೊಡಬೇಕಾಗಲಿಲ್ಲ. ಆಟೋಲಿಸ್ಪ್‌ನಲ್ಲಿ ಲೋಕಲ್ ಅಂತ ಹೇಳದಿದ್ದರೆ ಎಲ್ಲ ಗ್ಲೋಬಲ್, ಒಂದು ಕಡೆ ಬದಲಿಸಿದ್ದು ಇನ್ನೊಂದು ಕಡೆಯನ್ನು ಕೆಡಿಸಬಹುದು, ಅದರಿಂದ ಪೆಟ್ಟು ತಿಂದವರು ಹುಷಾರಾಗಿರುತ್ತಾರೆ.

ಈಗ ಇನ್ನೊಬ್ಬರು ಬೇಕು. ಈ ಸಲ ಜಾಹೀರಾತಿನಲ್ಲಿ ಚಿಪ್, ಲಿಸ್ಪ್ ಯಾವುದೂ ಇಲ್ಲ. ಆಟೋಕ್ಯಾಡ್‌ಗೆ ಸ್ವಂತ ಕಮಾಂಡ್ ಬರೆದಿದ್ದರೆ ಆ ಫೈಲ್ ಕಳಿಸಿ ಅಂತಷ್ಟೇ ಕೇಳಿದ್ದೇವೆ. ರೆಸ್ಯೂಮೆಗಿಂತ ಮೊದಲು ನಾನು ಓದೋದು ಅದನ್ನೇ.